ಕುಲಕೀರ್ತಿಯೂ ಚರಿತ್ರೆಯೂ: ವಿಲಿಯಂ ಮಾರ್ಷಲನ ಚರಿತಕಾವ್ಯವನ್ನು ಕುರಿತು

ಮಧ್ಯಯುಗದ ಇಂಗ್ಲೆಂಡಿನ ಸಾಮಂತಪ್ರಭುಗಳಲ್ಲಿ ಪೆಂಬ್ರೋಕಿನ ಅರ್ಲ್ ವಿಲಿಯಂ ಮಾರ್ಷಲನಷ್ಟು ವಿವರವಾಗಿ ನಮಗೆ ಪರಿಚಿತರಾದವರು ಅತಿ ವಿರಳ. ಸುಮಾರು ೧೧೪೬-೪೭ರಲ್ಲಿ ಹುಟ್ಟಿ ೧೨೧೯ನೆಯ ಮೇ ೧೪ರಂದು ಮಡಿದ ಈತನು, ಎರಡನೆಯ ಹೆನ್ರಿ, ಅವನ ಮಗನಾದ ಕಿರಿಯ ಅರಸ ಹೆನ್ರಿ, ಒಂದನೆಯ ರಿಚರ್ಡ್, ಜಾನ್, ಮೂರನೆಯ ಹೆನ್ರಿ ಎಂಬ ಐವರು ಅರಸರ ಊಳಿಗದಲ್ಲಿದ್ದನು. ಭೂಮಿಕಾಣಿಯಿಲ್ಲದ ಕಿರಿಯ ಮಗನಾಗಿ ಬಾಳನ್ನಾರಂಭಿಸಿ ರಾಜ್ಯದ ಆಡಳಿತವನ್ನೇ ಹೊತ್ತ ರಾಜಪ್ರತಿನಿಧಿಯಾಗಿ ಕಣ್ಣು ಮುಚ್ಚಿದನು. ಅವನ ವಿಷಯವಾಗಿ ನಮಗೆ ಇಷ್ಟು ತಿಳಿದಿರುವುದಕ್ಕೆ ಮುಖ್ಯ ಕಾರಣ ಒಂದು ಕಾವ್ಯ. ಹಳೆಯ ಫ್ರೆಂಚ್ ಭಾಷೆಯಲ್ಲಿ, ಎಂಟೆಂಟು ಅಕ್ಷರಗಳ ದ್ವಿಪದಿಗಳಲ್ಲಿ, ೧೯,೨೧೪ ಪಂಕ್ತಿಗಳಷ್ಟು ದೀರ್ಘವಾಗಿರುವ ಈ ಚರಿತೆ, ಅರಸನೂ ಸಂತನೂ ಅಲ್ಲದ ಗೃಹಸ್ಥನೊಬ್ಬನ ಜೀವನವನ್ನು ದೇಶಭಾಷೆಯಲ್ಲಿ ಹೇಳುವ ಗ್ರಂಥಗಳಲ್ಲಿ ಯೂರೋಪಿನಲ್ಲಿ ಉಳಿದುಬಂದಿರುವ ಮೊದಲನೆಯದೆಂದು ವಿದ್ವಾಂಸರು ಎಣಿಸುತ್ತಾರೆ.

ಆದರೆ ಇದು ಮಗನು ತಂದೆಗಾಗಿ ಬರೆಯಿಸಿದ ಗ್ರಂಥ. ಕುಲದ ಕೀರ್ತಿಗಾಗಿ ಹುಟ್ಟಿದ ಕೃತಿಯನ್ನು ಚರಿತ್ರೆಯ ಆಧಾರವಾಗಿ ಎಷ್ಟರ ಮಟ್ಟಿಗೆ ಬಳಸಬಹುದು? ಪ್ರಶಸ್ತಿಗಳನ್ನೂ ಚರಿತಕಾವ್ಯಗಳನ್ನೂ ಓದಿ ಬಲ್ಲ ನಮ್ಮ ವಾಚಕರಿಗೆ ಈ ಪ್ರಶ್ನೆ ಹೊಸದಲ್ಲ. ಹೊಗಳಿಕೆಯಾದುದರಿಂದ ಸುಳ್ಳೆಂದು ತಳ್ಳಿಬಿಡುವುದು ಒಂದು ಅತಿರೇಕ. ಸಮಕಾಲೀನವಾದುದರಿಂದ ನಿಜವೆಂದು ಒಪ್ಪಿಬಿಡುವುದು ಮತ್ತೊಂದು. ಕವಿಗೆ ಸಂಗತಿಗಳು ಯಾರಿಂದ ತಿಳಿದುವು, ಆತನು ಎಲ್ಲಿ ವಿಸ್ತರಿಸುತ್ತಾನೆ, ಎಲ್ಲಿ ಮೌನ ವಹಿಸುತ್ತಾನೆ ಎಂಬ ಮೂರು ಅಂಶಗಳನ್ನು ಹಿಡಿದು ಈ ಕಾವ್ಯವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೧

ಕಾವ್ಯವು ಬೆಳಕಿಗೆ ಬಂದ ಬಗೆಯನ್ನು ಮೊದಲು ಸಂಗ್ರಹವಾಗಿ ಹೇಳಬೇಕು. ೧೮೬೧ರಲ್ಲಿ ಫ್ರೆಂಚ್ ವಿದ್ವಾಂಸ ಪಾಲ್ ಮೇಯರ್ ಲಂಡನ್ನಿನ ಸಾದ್‌ಬಿ ಹರಾಜಿನಲ್ಲಿ ಈ ಹಸ್ತಪ್ರತಿಯನ್ನು ಕ್ಷಣಕಾಲ ತಿರುವಿ ನೋಡಿದನು. ಅದು ಸರ್ ಥಾಮಸ್ ಫಿಲಿಪ್ಸನ ಪಾಲಾಗಿ ಅವನ ಅಪಾರ ಸಂಗ್ರಹದಲ್ಲಿ ಸೇರಿಹೋಯಿತು. ಮೇಯರನು ಇಪ್ಪತ್ತು ವರ್ಷಗಳ ಕಾಲ ಅದರ ಜಾಡನ್ನು ಅರಸುತ್ತಿದ್ದು, ೧೮೮೧ರಲ್ಲಿ ಅದನ್ನು ಮತ್ತೆ ಕಂಡನು. ೧೮೯೧ರಿಂದ ೧೯೦೧ರವರೆಗೆ ಮೂರು ಸಂಪುಟಗಳಲ್ಲಿ ಅದನ್ನು ಪ್ರಕಟಿಸಿದನು. ೨೦೦೨ರಿಂದ ೨೦೦೬ರ ಅವಧಿಯಲ್ಲಿ ಹೋಲ್ಡನ್, ಗ್ರೆಗರಿ, ಕ್ರೌಚ್ ಇವರ ಪರಿಷ್ಕರಣವು ಇಂಗ್ಲಿಷ್ ಅನುವಾದದೊಡನೆ ಹೊರಬಂದಿತು. ಇಡೀ ಕಾವ್ಯಕ್ಕೆ ದೊರೆತಿರುವುದು ಒಂದೇ ಹಸ್ತಪ್ರತಿ. ಅದು ಈಗ ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿದೆ.

ಕವಿಯು ತನ್ನನ್ನು ಜಾನ್ ಎಂದು ಮಾತ್ರ ಹೇಳಿಕೊಳ್ಳುತ್ತಾನೆ. ಕಾವ್ಯವನ್ನು ಬರೆಯಿಸಿದವನು ಹಿರಿಯ ಮಗನಾದ ಎರಡನೆಯ ವಿಲಿಯಂ ಮಾರ್ಷಲ್. ವಿಷಯವನ್ನು ಒದಗಿಸಿದವನು ಅರ್ಲಿಯ ಜಾನ್ ಎಂಬ ಅನುಚರ. ಈತನು ೧೧೮೮ರ ಸುಮಾರಿಗೆ ಮಾರ್ಷಲನ ಪರಿವಾರವನ್ನು ಸೇರಿ, ಯಜಮಾನನ ಕೊನೆಯುಸಿರಿನವರೆಗೂ ಬಳಿಯಲ್ಲಿದ್ದವನು. ಗ್ರಂಥವು ಮುಗಿದುದು ೧೨೨೬ರ ಹೊತ್ತಿಗೆ.

ಇಷ್ಟರಿಂದಲೇ ಕಾವ್ಯದಲ್ಲಿ ಎರಡು ಸ್ತರಗಳಿವೆಯೆಂಬುದು ಸ್ಪಷ್ಟವಾಗುತ್ತದೆ. ೧೧೮೮ಕ್ಕೆ ಮುಂಚಿನ ಸಂಗತಿಗಳು ಬಹುಮಟ್ಟಿಗೆ ಮಾರ್ಷಲನೇ ವೃದ್ಧಾಪ್ಯದಲ್ಲಿ ಪರಿವಾರದ ನಡುವೆ ಕುಳಿತು ಹೇಳಿದ ನೆನಪುಗಳು. ಅನಂತರದವು ಅರ್ಲಿಯ ಜಾನನು ಕಣ್ಣಾರೆ ಕಂಡವು. ಮೊದಲ ಭಾಗದಲ್ಲಿ ನಗೆಯೂ ಸಾಹಸವೂ ಹೆಚ್ಚು, ಕಾಲಕ್ರಮ ಸಡಿಲ. ಎರಡನೆಯ ಭಾಗದಲ್ಲಿ ಆಸ್ಥಾನದ ಜಗಳಗಳು, ಒಳಸಂಚುಗಳು, ಕುಟುಂಬದ ಮಾತುಕತೆಗಳು ಹೆಚ್ಚು. ಒಂದೇ ಕಾವ್ಯವೆಂದು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

೨

ಮಾರ್ಷಲ್ ಎಂಬುದು ಮೊದಲು ಕುದುರೆಗಳನ್ನು ನೋಡಿಕೊಳ್ಳುವ ಸೇವಕನಿಗಿದ್ದ ಹೆಸರು. ಕ್ರಮೇಣ ಅರಮನೆಯ ಅಧಿಕಾರಪದವಾಗಿ, ಕೊನೆಗೆ ವಂಶನಾಮವಾಯಿತು. ವಿಲಿಯಮನ ತಂದೆ ಜಾನ್ ಮಾರ್ಷಲ್ ಎರಡು ಸಲ ಮದುವೆಯಾದವನು. ಸಾಲ್ಸ್‌ಬರಿಯ ಮನೆತನದೊಡನೆ ಸಂಧಿ ಮಾಡಿಕೊಳ್ಳುವ ಸಲುವಾಗಿ ಮೊದಲ ಹೆಂಡತಿಯನ್ನು ಬಿಟ್ಟು ಅರ್ಲ್ ಪ್ಯಾಟ್ರಿಕ್ಕನ ತಂಗಿಯಾದ ಸಿಬಿಲಳನ್ನು ವರಿಸಿದನು. ಮೊದಲ ಮದುವೆಯ ಇಬ್ಬರನ್ನು ಸೇರಿಸಿ ಎಣಿಸಿದರೆ ವಿಲಿಯಂ ನಾಲ್ಕನೆಯ ಮಗ. ಹಿರಿಯನಿಗೇ ಆಸ್ತಿ ಸಲ್ಲುವ ಪದ್ಧತಿಯಲ್ಲಿ ನಾಲ್ಕನೆಯ ಮಗನ ಪಾಲಿಗೆ ಏನು ಉಳಿದೀತು?

ಬಾಲ್ಯದ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ೧೧೫೨ರಲ್ಲಿ ನ್ಯೂಬರಿಯ ಮುತ್ತಿಗೆಯ ಕಾಲದಲ್ಲಿ ಸ್ಟೀಫನ್ ದೊರೆಯು ಬಾಲಕ ವಿಲಿಯಮನನ್ನು ಒತ್ತೆಯಾಗಿ ಪಡೆದನು. ತಂದೆ ಕೊಟ್ಟ ಮಾತಿಗೆ ತಪ್ಪಿ ಕೋಟೆಯನ್ನು ಬಲಪಡಿಸಿದನು. ಮಗನನ್ನು ಗಲ್ಲಿಗೇರಿಸುವುದಾಗಿ ಬೆದರಿಸಿದಾಗ, ಇದಕ್ಕಿಂತ ಒಳ್ಳೆಯ ಮಕ್ಕಳನ್ನು ತಯಾರಿಸಲು ತನ್ನಲ್ಲಿ ಸುತ್ತಿಗೆಯೂ ಅಡಿಗಲ್ಲೂ ಇವೆಯೆಂಬ ಅರ್ಥದ ಉತ್ತರವನ್ನು ಕಳುಹಿಸಿದನಂತೆ. ಸ್ಟೀಫನ್ ದಯಾಳು, ಹುಡುಗನನ್ನು ಕೊಲ್ಲಿಸಲಿಲ್ಲ. ದೊರೆಯೂ ಬಾಲಕನೂ ಗಿಡದ ಹೂಗೊಂಚಲುಗಳನ್ನು ಹಿಡಿದು ನೈಟರ ಕಾಳಗದ ಆಟವಾಡಿದ ಚಿತ್ರವೊಂದು ಕಾವ್ಯದಲ್ಲಿದೆ. ಐದಾರು ವಯಸ್ಸಿನ ಹುಡುಗನ ನೆನಪು ಎಪ್ಪತ್ತು ವರ್ಷಗಳ ತರುವಾಯ ಪದ್ಯವಾದುದು ಇದು. ಮಾತುಗಳು ಹೀಗೆಯೇ ಇದ್ದುವೆಂದು ಪ್ರಮಾಣ ಮಾಡಲಾಗದು. ಆದರೆ ಕಿರಿಯ ಮಗನ ಬೆಲೆ ಎಷ್ಟೆಂಬುದನ್ನು ಆ ಮನೆತನವೇ ನಗುನಗುತ್ತ ಹೇಳಿಕೊಂಡಿತೆಂಬುದು ಅನುಮಾನಕ್ಕೆಡೆಯಿಲ್ಲದ ಸಂಗತಿ. ತಂದೆಯ ಕಠೋರತೆಯನ್ನು ಮುಚ್ಚಿಡುವ ಅವಶ್ಯಕತೆ ಕವಿಗೆ ತೋರಲಿಲ್ಲ.

ನಾರ್ಮಂಡಿಯ ಟಾಂಕರ್ವಿಲ್ ಪ್ರಭುವಿನ ಮನೆಯಲ್ಲಿ ಬೆಳೆದು ೧೧೬೬ರ ಸುಮಾರಿಗೆ ವಿಲಿಯಂ ನೈಟ್ ಪದವಿಯನ್ನು ಪಡೆದನು. ಡ್ರಿನ್‌ಕೂರಿನ ಮೊದಲ ಯುದ್ಧದಲ್ಲಿ ಚೆನ್ನಾಗಿ ಕಾದಿದನಾದರೂ ಶತ್ರುಗಳ ಕುದುರೆಯನ್ನಾಗಲಿ ಸಾಮಾನನ್ನಾಗಲಿ ಹಿಡಿಯಲಿಲ್ಲ. ತನ್ನ ಕುದುರೆಯನ್ನೂ ಕಳೆದುಕೊಂಡನು. ಆ ರಾತ್ರಿಯ ಔತಣದಲ್ಲಿ ಮ್ಯಾಂಡೆವಿಲ್ ಪ್ರಭುವು ಅವನಿಂದ ಒಂದು ಹಳೆಯ ಕುದುರೆಸಾಮಾನನ್ನು ಉಡುಗೊರೆಯಾಗಿ ಕೇಳಿದನು. ತನ್ನ ಬಳಿ ಅಂಥದು ಎಂದೂ ಇರಲಿಲ್ಲವೆಂದು ತರುಣನು ಹೇಳಲು, ಈ ದಿನ ಅಷ್ಟೊಂದನ್ನು ಗೆದ್ದವನ ಬಳಿ ಇಲ್ಲದಿರುವುದುಂಟೇ ಎಂದು ಸಭೆಯೆಲ್ಲ ನಕ್ಕಿತು. ಕೊನೆಗೆ ಅವನು ತನ್ನ ಮೇಲಂಗಿಯನ್ನು ಮಾರಿ ಸಾಮಾನ್ಯವಾದ ಕುದುರೆಯೊಂದನ್ನು ಕೊಳ್ಳಬೇಕಾಯಿತು. ಶೌರ್ಯಕ್ಕೂ ಸಂಪಾದನೆಗೂ ಇದ್ದ ನಂಟನ್ನು ಇಷ್ಟು ನೇರವಾಗಿ ತೋರಿಸುವ ಪ್ರಸಂಗಗಳು ಆ ಕಾಲದ ಸಾಹಿತ್ಯದಲ್ಲಿ ಕಡಮೆ.

ಅವನು ಆ ಪಾಠವನ್ನು ಚೆನ್ನಾಗಿಯೇ ಕಲಿತನು. ೧೧೭೦ರಲ್ಲಿ ಕಿರಿಯ ಅರಸ ಹೆನ್ರಿಯ ಪರಿವಾರವನ್ನು ಸೇರಿದ ಮೇಲೆ, ಟೂರ್ನಮೆಂಟ್ ಎಂಬ ಅಣಕಯುದ್ಧಗಳಲ್ಲಿ ಸೋತವರ ಕುದುರೆ, ಆಯುಧ, ಬಿಡುಗಡೆಯ ಹಣ ಇವುಗಳಿಂದ ಜೀವನ ಸಾಗಿಸಿದನು. ರೋಜರ್ ದ ಗೋಗಿ ಎಂಬವನೊಡನೆ ಪಾಲುದಾರಿಕೆ ಮಾಡಿಕೊಂಡು ಹತ್ತು ತಿಂಗಳಲ್ಲಿ ೧೦೩ ಮಂದಿ ನೈಟರನ್ನು ಸೆರೆಹಿಡಿದನೆಂದು ಕಾವ್ಯ ಹೇಳುತ್ತದೆ. ಇಲ್ಲಿ ಕವಿಯು ನೆನಪನ್ನು ಮಾತ್ರ ನೆಚ್ಚುವುದಿಲ್ಲ. ಅರಸನ ಅಡಿಗೆಮನೆಯ ಗುಮಾಸ್ತೆ ವಿಗೇನನು ಬರೆದಿಟ್ಟ ಪಟ್ಟಿಯನ್ನು ಸಾಕ್ಷಿಯಾಗಿ ಕರೆಯುತ್ತಾನೆ. ವೀರನ ಕೀರ್ತಿಗೆ ಅಡಿಗೆಮನೆಯ ಲೆಕ್ಕದ ಆಧಾರ! ಪ್ರಶಸ್ತಿಕಾರರ ಸಂಖ್ಯೆಗಳನ್ನು ಓದಿ ಬೇಸತ್ತ ಚರಿತ್ರಕಾರನಿಗೆ ಇದು ಸಮಾಧಾನವನ್ನುಂಟುಮಾಡುವ ವಿಷಯ.

ಇದೇ ಭಾಗದಲ್ಲಿ, ಕಿರಿಯ ಅರಸನ ರಾಣಿಯಾದ ಮಾರ್ಗರೆಟಳೊಡನೆ ವಿಲಿಯಮನಿಗೆ ಅನುಚಿತ ಸಂಬಂಧವಿದ್ದಿತೆಂದು ೧೧೮೨ರಲ್ಲಿ ಹಗೆಗಳು ಆಪಾದಿಸಿದ ಕಥೆ ಬರುತ್ತದೆ. ಇದಕ್ಕೆ ಬೇರೆ ಸಮಕಾಲೀನ ಮೂಲಗಳ ಬೆಂಬಲ ದೊರೆತಿಲ್ಲ. ಆಸ್ಥಾನದಿಂದ ದೂರವಾದುದಕ್ಕೆ ಅಸೂಯೆಯೇ ಕಾರಣವೆಂದು ತೋರಿಸಲು, ಪ್ರಣಯಕಥೆಗಳಲ್ಲಿ ಪಳಗಿದ ಕವಿಗೆ ಈ ಆಶಯವು ಸುಲಭವಾಗಿ ಒದಗಿತೆಂದು ಊಹಿಸಲವಕಾಶವುಂಟು. ಪಟ್ಟಿಯಿರುವಲ್ಲಿ ನಂಬುವುದೂ ಕಥಾಸಂಪ್ರದಾಯದ ಅಚ್ಚು ಎದ್ದು ಕಾಣುವಲ್ಲಿ ಶಂಕಿಸುವುದೂ ವಿಮರ್ಶಕನ ಕರ್ತವ್ಯ.

೩

೧೧೮೩ರ ಜೂನ್ ೧೧ರಂದು ಕಿರಿಯ ಅರಸನು ತೀರಿಕೊಂಡನು. ಆತನ ಹರಕೆಯನ್ನು ಸಲ್ಲಿಸುವುದಕ್ಕಾಗಿ ವಿಲಿಯಂ ಪವಿತ್ರಭೂಮಿಗೆ ಹೋಗಿಬಂದು, ಎರಡನೆಯ ಹೆನ್ರಿಯ ಸೇವೆಗೆ ನಿಂತನು. ೧೧೮೯ರಲ್ಲಿ, ತಂದೆಯ ಮೇಲೆ ತಿರುಗಿಬಿದ್ದ ರಿಚರ್ಡನು ಬೆನ್ನಟ್ಟಿ ಬಂದಾಗ ಅವನ ಕುದುರೆಯನ್ನು ಈಟಿಯಿಂದ ಕೊಂದು ಮುದಿ ಅರಸನನ್ನು ಉಳಿಸಿದನು. ಕೆಲವೇ ವಾರಗಳಲ್ಲಿ ಹೆನ್ರಿ ಮಡಿದನು, ರಿಚರ್ಡನೇ ದೊರೆಯಾದನು. ಹೊಸ ಅರಸನು ಈ ಸೇವಕನನ್ನು ದಂಡಿಸಲಿಲ್ಲ. ಸತ್ತ ತಂದೆಯು ಮಾತು ಕೊಟ್ಟಿದ್ದಂತೆ ಇಸಬೆಲ್ ದ ಕ್ಲೇರಳನ್ನು ಮದುವೆ ಮಾಡಿಕೊಟ್ಟನು.

ವಿಲಿಯಮನ ಬಾಳಿನ ತಿರುವು ಈ ವಿವಾಹ. ಆಗ ಅವನಿಗೆ ನಲವತ್ತೆರಡು ದಾಟಿತ್ತು. ಅವಳಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಸ್ಟ್ರಾಂಗ್‌ಬೋ ಎಂದು ಹೆಸರಾದ ರಿಚರ್ಡ್ ದ ಕ್ಲೇರನು ಅವಳ ತಂದೆ. ಐರ್ಲೆಂಡಿನ ಲೆನ್‌ಸ್ಟರ್ ದೊರೆ ಡರ್ಮಟ್ ಮ್ಯಾಕ್‌ಮರೋನ ಮಗಳು ಈಫಾ ಅವಳ ತಾಯಿ. ವೇಲ್ಸ್ ಗಡಿಯ ಚೆಪ್‌ಸ್ಟೋ ಕೋಟೆ, ಐರ್ಲೆಂಡಿನ ಲೆನ್‌ಸ್ಟರ್, ೧೧೯೯ರಲ್ಲಿ ಜಾನ್ ದೊರೆಯಿಂದ ದೊರೆತ ಪೆಂಬ್ರೋಕಿನ ಅರ್ಲ್ ಪದವಿ ಇವೆಲ್ಲವೂ ಅವನಿಗೆ ಸಂದುದು ಈಕೆಯ ಹಕ್ಕಿನಿಂದ. ಇಪ್ಪತ್ತು ವರ್ಷಗಳ ಟೂರ್ನಮೆಂಟುಗಳು ಅವನಿಗೆ ಹೆಸರನ್ನು ತಂದುವು. ಭೂಮಿಯನ್ನು ತಂದವಳು ಹೆಂಡತಿ.

ಕಾವ್ಯವು ಈ ಸತ್ಯವನ್ನು ಮರೆಮಾಚುವುದೇ? ೧೯೮೪ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಫ್ರಾನ್ಸಿನ ಹಿರಿಯ ಚರಿತ್ರಕಾರ ಜಾರ್ಜ್ ದ್ಯೂಬಿ, ಇದು ಗಂಡಸರ ಲೋಕವೆಂದೂ ಹೆಂಗಸರಿಗೆ ಇಲ್ಲಿ ಸ್ಥಾನ ಅತ್ಯಲ್ಪವೆಂದೂ ಪ್ರತಿಪಾದಿಸಿದನು. ಪಂಕ್ತಿಗಳನ್ನು ಎಣಿಸಿದರೆ ಆತನ ಮಾತು ನಿಜ. ಆದರೆ ಕಿಲ್ಕೆನಿಯ ಪ್ರಸಂಗವನ್ನು ನೋಡಬೇಕು. ೧೨೦೭ರಲ್ಲಿ ಜಾನ್ ದೊರೆಯು ವಿಲಿಯಮನನ್ನು ಐರ್ಲೆಂಡಿನಿಂದ ಹಿಂದಕ್ಕೆ ಕರೆಸಿದನು. ಹೊರಡುವ ಮುನ್ನ ಆತನು ಲೆನ್‌ಸ್ಟರಿನ ಸಾಮಂತರ ಎದುರಿಗೆ ಗರ್ಭಿಣಿಯಾದ ಇಸಬೆಲಳ ಕೈಹಿಡಿದು ನಿಂತು, ಈಕೆಯೇ ಹುಟ್ಟಿನಿಂದ ನಿಮ್ಮ ಒಡತಿ, ನಿಮಗೆ ಭೂಮಿ ಕೊಟ್ಟವನ ಮಗಳು, ಇಲ್ಲಿ ನನಗಿರುವುದೆಲ್ಲ ಈಕೆಯ ಮೂಲಕವೇ ಎಂದು ತಿಳಿಯಹೇಳಿ, ಅವಳನ್ನು ಅವರ ರಕ್ಷಣೆಗೆ ಒಪ್ಪಿಸಿದನು. ಇದನ್ನು ಬರೆಯಿಸಿದವನು ಆಕೆಯ ಮಗ. ತಿಳಿಸಿದವನು ಆ ಕಾಲದಲ್ಲಿ ಐರ್ಲೆಂಡಿನಲ್ಲಿ ಕೆಲಸ ಮಾಡಿದ ಅನುಚರ. ವಿಲಿಯಮನ ದತ್ತಿಪತ್ರಗಳಲ್ಲಿ ಹೆಂಡತಿಯ ಸಮ್ಮತಿಯನ್ನು ನಮೂದಿಸಿರುವುದೂ ಇದಕ್ಕೆ ಹೊಂದುತ್ತದೆ. ಪಂಕ್ತಿಗಳ ಸಂಖ್ಯೆ ಅಲ್ಪವಾದರೂ ಅವು ನಿಂತಿರುವ ಸ್ಥಾನ ದೊಡ್ಡದು. ಈ ಅಂಶದಲ್ಲಿ ದ್ಯೂಬಿಯ ತೀರ್ಮಾನವನ್ನು ನಾವು ಒಪ್ಪಲಾರೆವು.

೪

ಇನ್ನು ಮೌನಗಳ ವಿಚಾರ. ೧೨೦೪ರಲ್ಲಿ ನಾರ್ಮಂಡಿಯು ಫ್ರಾನ್ಸಿನ ಫಿಲಿಪ್ ದೊರೆಯ ಕೈಸೇರಿತು. ಅಲ್ಲಿಯ ತನ್ನ ಜಮೀನನ್ನು ಉಳಿಸಿಕೊಳ್ಳುವ ಸಲುವಾಗಿ ೧೨೦೫ರಲ್ಲಿ ಮಾರ್ಷಲನು ಫಿಲಿಪನಿಗೂ ನಿಷ್ಠೆಯ ಪ್ರಮಾಣ ಮಾಡಿದನು. ಇದಕ್ಕೆ ಜಾನನ ಅನುಮತಿಯಿತ್ತೆಂದು ಕಾವ್ಯ ವಾದಿಸುತ್ತದೆ. ಜಾನನು ಕ್ರುದ್ಧನಾದನು, ಹಿರಿಯ ಮಗನನ್ನೂ ಅನಂತರ ಎರಡನೆಯವನನ್ನೂ ಒತ್ತೆಯಾಗಿ ತೆಗೆದುಕೊಂಡನು. ಒಮ್ಮೆ ಒತ್ತೆಯಾಗಿದ್ದ ಬಾಲಕನು ಈಗ ಮಕ್ಕಳನ್ನು ಒತ್ತೆಯಿಟ್ಟ ತಂದೆಯಾದನು. ಕವಿಯು ಇಲ್ಲಿ ನಾಯಕನ ಪರವಾದ ವಕೀಲನಂತೆ ಮಾತನಾಡುತ್ತಾನೆ. ವಾದ ಇಷ್ಟು ದೀರ್ಘವಾಗಿರುವುದರಿಂದಲೇ, ಆಪಾದನೆಯು ೧೨೨೬ರ ವೇಳೆಗೂ ಜನರ ನಾಲಗೆಯ ಮೇಲಿದ್ದಿತೆಂದು ನಾವು ತಿಳಿಯಬೇಕು.

ಇದಕ್ಕೆ ವಿರುದ್ಧವಾಗಿ, ೧೨೧೫ರ ಮ್ಯಾಗ್ನಾ ಕಾರ್ಟಾದ ವಿಷಯದಲ್ಲಿ ಕಾವ್ಯವು ಬಹುಮಟ್ಟಿಗೆ ಮೌನವಾಗಿದೆ. ಆ ಮಹಾಸನ್ನದಿನ ಪೀಠಿಕೆಯಲ್ಲಿ ಅರಸನಿಗೆ ಆಲೋಚನೆ ಹೇಳಿದ ಗೃಹಸ್ಥಪ್ರಭುಗಳ ಪೈಕಿ ಮೊದಲನೆಯ ಹೆಸರೇ ಮಾರ್ಷಲನದು. ಹೀಗಿದ್ದೂ ಚರಿತಕಾರನು ಏಕೆ ಸುಮ್ಮನಾದನು? ಸನ್ನದಿನ ಪಾಲನೆಯನ್ನು ನೋಡಿಕೊಳ್ಳಲು ನೇಮಿತರಾದ ಇಪ್ಪತ್ತೈದು ಮಂದಿ ಪ್ರಭುಗಳಲ್ಲಿ ಒಬ್ಬನು ಎರಡನೆಯ ವಿಲಿಯಂ, ಅಂದರೆ ಕಾವ್ಯವನ್ನು ಬರೆಯಿಸಿದ ಮಗನೇ! ತಂದೆ ಅರಸನ ಕಡೆ, ಮಗ ಬಂಡಾಯಗಾರರ ಕಡೆ. ಆತನು ೧೨೧೭ರಲ್ಲಿ ತಂದೆಯ ಪಕ್ಷಕ್ಕೆ ಮರಳಿ, ೧೨೨೪ರಲ್ಲಿ ಅರಸನ ತಂಗಿ ಎಲಿನೋರಳನ್ನು ಮದುವೆಯಾದನು. ಅಂಥ ಪೋಷಕನ ಮುಂದೆ ೧೨೧೫ರ ಸಂಗತಿಗಳನ್ನು ಬಿಡಿಸಿ ಓದುವ ಧೈರ್ಯ ಯಾವ ಕವಿಗೆ ಬಂದೀತು? ತಂದೆಮಕ್ಕಳು ಸಂಕಲ್ಪಪೂರ್ವಕವಾಗಿ ಎರಡು ಪಕ್ಷಗಳಲ್ಲಿ ನಿಂತು ಕುಲವನ್ನು ಕಾಪಾಡಿಕೊಂಡರೆಂಬ ಊಹೆಯೂ ಉಂಟು. ಅದು ನಿಜವಾಗಿದ್ದರೂ ಕಾವ್ಯದಲ್ಲಿ ಹೇಳತಕ್ಕ ಮಾತಲ್ಲ.

ಜಾನನು ೧೨೧೬ರ ಅಕ್ಟೋಬರಿನಲ್ಲಿ ಮಡಿದಾಗ ರಾಜ್ಯದ ಅರ್ಧಭಾಗವು ಬಂಡಾಯಗಾರರ ಮತ್ತು ಫ್ರೆಂಚ್ ರಾಜಕುಮಾರ ಲೂಯಿಯ ಕೈಯಲ್ಲಿದ್ದಿತು. ಒಂಬತ್ತು ವರ್ಷದ ಮೂರನೆಯ ಹೆನ್ರಿಗೆ ಗ್ಲಾಸ್ಟರಿನಲ್ಲಿ ಪಟ್ಟಾಭಿಷೇಕವಾಯಿತು. ರಾಜಪ್ರತಿನಿಧಿಯಾಗಲು ಎಲ್ಲರೂ ಮಾರ್ಷಲನನ್ನು ಬೇಡಿದರು. ಆ ರಾತ್ರಿ ಅವನು ತನ್ನ ಆಪ್ತರೊಡನೆ ಮಾಡಿದ ಆಲೋಚನೆಯನ್ನು ಕಾವ್ಯವು ಸವಿಸ್ತಾರವಾಗಿ ಕೊಡುತ್ತದೆ. ವಯಸ್ಸಾಯಿತು, ಹಣವಿಲ್ಲ, ಈ ಭಾರ ಬೇಡ ಎಂದು ಎಚ್ಚರಿಸಿದವನು ಅರ್ಲಿಯ ಜಾನನೇ. ಎಲ್ಲರೂ ಕೈಬಿಟ್ಟರೂ ಬಾಲಕನನ್ನು ಹೆಗಲ ಮೇಲೆ ಹೊತ್ತು ದ್ವೀಪದಿಂದ ದ್ವೀಪಕ್ಕೆ ತಿರಿದುಂಡಾದರೂ ಒಯ್ಯುವೆನೆಂಬ ಆಶಯದ ಮಾತನ್ನು ಮುದುಕನು ಆಡಿದನು. ಸಾಕ್ಷಿಯು ತನ್ನ ಹಿಂಜರಿಕೆಯನ್ನು ತಾನೇ ಹೇಳಿಕೊಂಡಿರುವುದರಿಂದ ಈ ಪ್ರಸಂಗಕ್ಕೆ ಹೆಚ್ಚಿನ ಪ್ರಾಮಾಣ್ಯವಿದೆ.

ಆ ವರ್ಷದ ನವೆಂಬರಿನಲ್ಲಿ ಮಹಾಸನ್ನದನ್ನು ಮಾರ್ಷಲನೂ ಪೋಪನ ಪ್ರತಿನಿಧಿ ಗ್ವಾಲನೂ ತಮ್ಮ ಮುದ್ರೆಗಳನ್ನೊತ್ತಿ ಮತ್ತೆ ಹೊರಡಿಸಿದರು. ಒಬ್ಬ ಅರಸನಿಂದ ಬಲಾತ್ಕಾರವಾಗಿ ಪಡೆದು, ಪೋಪನಿಂದ ರದ್ದಾಗಿದ್ದ ಪತ್ರವು ರಾಜ್ಯದ ಶಾಸನವಾಗಿ ಬಾಳಿದುದು ಈ ಪುನಃಪ್ರಕಟಣೆಯಿಂದ. ೧೨೧೭ರ ಮೇ ೨೦ರಂದು ಲಿಂಕನ್ ನಗರದ ಯುದ್ಧದಲ್ಲಿ ಎಪ್ಪತ್ತು ವಯಸ್ಸಿನ ಮಾರ್ಷಲನು ಆತುರದಲ್ಲಿ ಶಿರಸ್ತ್ರಾಣವನ್ನೇ ಮರೆತು ಹೊರಟಿದ್ದನೆಂದು ಕಾವ್ಯ ನಗುತ್ತ ಹೇಳುತ್ತದೆ. ಯುದ್ಧಕ್ಕೆ ನೂರಾರು ಪಂಕ್ತಿಗಳು ಸಂದುವು, ಸನ್ನದಿಗೆ ಸಲ್ಲಲಿಲ್ಲ. ಇಂದು ನಾವು ಯಾವುದಕ್ಕಾಗಿ ಮಾರ್ಷಲನನ್ನು ನೆನೆಯುತ್ತೇವೆಯೋ ಅದು ಅವನ ಕುಲಕವಿಗೆ ಮುಖ್ಯವೆನಿಸಲಿಲ್ಲ.

೫

ಆಧುನಿಕ ವಿಮರ್ಶಕರ ಅಭಿಪ್ರಾಯಗಳು ಒಂದೇ ತೆರನಾಗಿಲ್ಲ. ಸಿಡ್ನಿ ಪೇಂಟರನು ೧೯೩೩ರಲ್ಲಿ ಕಾವ್ಯದ ಚೌಕಟ್ಟನ್ನು ಅನುಸರಿಸಿಯೇ ಜೀವನಚರಿತ್ರೆಯನ್ನು ರಚಿಸಿದನು. ದ್ಯೂಬಿಯ ಕೃತಿಯು ಬಹು ರಮ್ಯವಾದುದು; ಅದರಲ್ಲಿ ಮಾರ್ಷಲನು ಬಲಿಷ್ಠವಾದ ಮೈಯುಳ್ಳ, ಬುದ್ಧಿ ಅಷ್ಟಾಗಿ ಚುರುಕಲ್ಲದ, ಮುಳುಗುತ್ತಿದ್ದ ಯುಗವೊಂದರ ಕೊನೆಯ ಕುರುಹಾಗಿ ಕಾಣುತ್ತಾನೆ. ಡೇವಿಡ್ ಕ್ರೌಚನು ೧೯೯೦ರಲ್ಲಿ ದತ್ತಿಪತ್ರಗಳನ್ನೂ ಸರಕಾರಿ ದಾಖಲೆಗಳನ್ನೂ ಕಾವ್ಯದ ಪಕ್ಕದಲ್ಲಿಟ್ಟು, ಆಸ್ಥಾನದ ವ್ಯವಹಾರದಲ್ಲಿ ನುರಿತ ಜಾಣನನ್ನು ಕಂಡನು. ೨೦೧೪ರಲ್ಲಿ ಥಾಮಸ್ ಆಸ್‌ಬ್ರಿಜನು ಸಾಮಾನ್ಯ ವಾಚಕರಿಗಾಗಿ ಮತ್ತೆ ಆ ಕಥೆಯನ್ನು ಬರೆದನು. ನಮಗೆ ಕ್ರೌಚನ ಮಾರ್ಗ ಹೆಚ್ಚು ಸಮಂಜಸವೆಂದು ತೋರುತ್ತದೆ. ಜಾನನಂಥ ಸಂಶಯಗ್ರಸ್ತ ದೊರೆಯ ಕೆಳಗೆ ಹದಿನೇಳು ವರ್ಷ ಬದುಕಿ ಉಳಿದವನನ್ನು ಮಂದಬುದ್ಧಿಯೆನ್ನುವುದು ಹೇಗೆ? ಆದರೆ ಜಾಣತನವೊಂದರಿಂದಲೇ ೧೨೧೬ರ ನಿರ್ಧಾರವನ್ನು ವಿವರಿಸಲಾಗದು. ಸೋಲುವಂತಿದ್ದ ಪಕ್ಷದಲ್ಲಿ ಎಪ್ಪತ್ತರ ವಯಸ್ಸಿನಲ್ಲಿ ನಿಲ್ಲುವುದು ಲೆಕ್ಕಾಚಾರದ ಕೆಲಸವಲ್ಲ. ನಿಷ್ಠೆಯು ಅವನಿಗೆ ಲಾಭದ ದಾರಿಯೂ ಆಗಿತ್ತು, ನಂಬಿಕೆಯೂ ಆಗಿತ್ತು. ಎರಡನ್ನೂ ಬೇರ್ಪಡಿಸಲು ಹೊರಟರೆ ಆ ಕಾಲದ ಮನಸ್ಸು ನಮಗೆ ಅರ್ಥವಾಗದು.

೬

ಕಾವ್ಯದ ಉತ್ಕೃಷ್ಟವಾದ ಭಾಗ ಕ್ಯಾವರ್ಷಮಿನ ಮರಣಶಯ್ಯೆಯ ವರ್ಣನೆ. ಮುದುಕನು ಬಾಲರಾಜನನ್ನು ಪೋಪನ ಪ್ರತಿನಿಧಿ ಪ್ಯಾಂಡಲ್ಫನಿಗೆ ಒಪ್ಪಿಸಿದನು; ಮಕ್ಕಳಿಗೆ ಆಸ್ತಿಯನ್ನು ಹಂಚಿದನು. ಕಿರಿಯವನಾದ ಆನ್ಸೆಲ್ಮನು ತನ್ನಂತೆಯೇ ಸ್ವಂತ ಬಲದಿಂದ ಮೇಲೇರಲೆಂದು ಏನನ್ನೂ ಕೊಡದಿರಲು ಯೋಚಿಸಿದ್ದವನು, ಅರ್ಲಿಯ ಜಾನನ ಬೇಡಿಕೆಯಿಂದ ಮನಸ್ಸು ಬದಲಾಯಿಸಿದನು. ಟೂರ್ನಮೆಂಟಿನಲ್ಲಿ ಗೆದ್ದ ಧನವನ್ನು ಹಿಂದಿರುಗಿಸದೆ ಮುಕ್ತಿಯಿಲ್ಲವೆಂದು ಪಾದ್ರಿಗಳು ಹೇಳುವರೆಂಬ ಮಾತು ಬಂದಾಗ, ಐನೂರು ನೈಟರನ್ನು ಹಿಡಿದವನು ಅದನ್ನೆಲ್ಲ ಎಲ್ಲಿಂದ ಹಿಂದಿರುಗಿಸಲಿ ಎಂದನು. ಪರಿವಾರದ ನೈಟರಿಗೆ ಹಂಚಬೇಕಾದ ಉಡುಪುಗಳನ್ನು ಮಾರಿ ಆತ್ಮಶಾಂತಿಗೆ ವಿನಿಯೋಗಿಸಬೇಕೆಂದ ಗುಮಾಸ್ತೆಯನ್ನು ಗದರಿಸಿದನು. ಟೆಂಪ್ಲರ್ ಪಂಥವನ್ನು ಸೇರುವ ಮುನ್ನ, ಇನ್ನು ಮುಂದೆ ಸ್ತ್ರೀಸ್ಪರ್ಶ ನಿಷಿದ್ಧವಾದುದರಿಂದ, ಇಸಬೆಲಳನ್ನು ಕೊನೆಯ ಬಾರಿ ಮುದ್ದಿಡುವಂತೆ ಕೇಳಿದನು, ಇಬ್ಬರೂ ಅತ್ತರು. ಹೆಣ್ಣುಮಕ್ಕಳಿಂದ ಹಾಡಿಸಿ ಕೇಳಿದನು. ಹೊಗಳಿಕೆಯ ಭಾರವಿಲ್ಲದೆ ಮನುಷ್ಯನು ಕಾಣುವುದು ಇಲ್ಲಿಯೇ.

ಈ ಭಾಗದಲ್ಲಿಯೂ ಒಂದು ಮೌನವಿದೆ. ಐರ್ಲೆಂಡಿನ ಫರ್ನ್ಸ್ ಬಿಷಪ್ಪನಿಂದ ಮಾರ್ಷಲನು ಎರಡು ಹಳ್ಳಿಗಳನ್ನು ಕಿತ್ತುಕೊಂಡಿದ್ದನೆಂದೂ, ಮಕ್ಕಳು ಅವನ್ನು ಹಿಂದಿರುಗಿಸಲು ಒಪ್ಪದಿದ್ದಾಗ ಬಿಷಪ್ಪನು ವಂಶನಾಶದ ಶಾಪ ಕೊಟ್ಟನೆಂದೂ ಮ್ಯಾಥ್ಯೂ ಪ್ಯಾರಿಸನ ಚರಿತ್ರೆಯಲ್ಲಿದೆ. ಪ್ಯಾರಿಸನು ಇದನ್ನು ಬರೆದುದು ವಂಶವು ಅಳಿದ ಬಳಿಕ. ಆದಕಾರಣ ಫಲವನ್ನು ಕಂಡು ಶಾಪವನ್ನು ರೂಪಿಸಿರುವ ಸಂಭವವನ್ನು ಮರೆಯಬಾರದು. ಶಾಪ ಹೇಗಾದರೂ ಇರಲಿ, ಜಗಳವನ್ನು ಕುಲಕಾವ್ಯವು ಬಿಟ್ಟುಬಿಟ್ಟುದು ಸಹಜವೇ.

ಕವಿಯು ಗ್ರಂಥವನ್ನು ಮುಗಿಸಿದಾಗ ಐವರು ಗಂಡುಮಕ್ಕಳೂ ಬದುಕಿದ್ದರು. ವಿಲಿಯಂ ೧೨೩೧ರಲ್ಲಿ ತೀರಿಕೊಂಡನು. ಅರಸನ ಮೇಲೆ ಬಂಡೆದ್ದ ರಿಚರ್ಡನು ೧೨೩೪ರಲ್ಲಿ ಐರ್ಲೆಂಡಿನಲ್ಲಿ ಗಾಯಗೊಂಡು ಸತ್ತನು. ಪಾದ್ರಿಯಾಗಲು ಹೊರಟು ಅರ್ಲನಾದ ಗಿಲ್ಬರ್ಟನು ೧೨೪೧ರಲ್ಲಿ ಟೂರ್ನಮೆಂಟಿನಲ್ಲಿಯೇ ಕುದುರೆಯಿಂದ ಬಿದ್ದು ಮಡಿದನು. ವಾಲ್ಟರನೂ ಆನ್ಸೆಲ್ಮನೂ ೧೨೪೫ರ ಕೊನೆಯಲ್ಲಿ ಕೆಲವೇ ವಾರಗಳ ಅಂತರದಲ್ಲಿ ತೀರಿಕೊಂಡರು. ಯಾರಿಗೂ ಔರಸ ಸಂತಾನವಿರಲಿಲ್ಲ. ಹೆಣ್ಣಿನಿಂದ ಬಂದ ಸಂಪತ್ತು ಹೆಣ್ಣುಮಕ್ಕಳಿಗೇ ಸಂದಿತು: ಲೆನ್‌ಸ್ಟರಿನಲ್ಲಿ ಮಾಡಳ ಪಾಲಿಗೆ ಕಾರ್ಲೋ, ಇಸಬೆಲಳ ಪಾಲಿಗೆ ಕಿಲ್ಕೆನಿ, ಸಿಬಿಲಳ ಪಾಲಿಗೆ ಕಿಲ್ಡೇರ್, ಜೋನಳ ಪಾಲಿಗೆ ವೆಕ್ಸ್‌ಫರ್ಡ್, ಈವಳ ಪಾಲಿಗೆ ಲೀಷ್ ಬಂದುವು. ಮಾರ್ಷಲ್ ಎಂಬ ಅಧಿಕಾರವು ಮಾಡಳ ಮೂಲಕ ಬೈಗಾಡ್ ಮನೆತನಕ್ಕೆ ಹೋಯಿತು. ಮಗಳು ಇಸಬೆಲಳಿಗೆ ಹುಟ್ಟಿದವಳ ಮೊಮ್ಮಗನೇ ಸ್ಕಾಟ್ಲೆಂಡಿನ ದೊರೆ ರಾಬರ್ಟ್ ಬ್ರೂಸ್.

ಕುಲದ ಹೆಸರನ್ನು ಗಂಡುಸಂತತಿಯ ಮೂಲಕ ಶಾಶ್ವತಗೊಳಿಸಲು ಬರೆಯಿಸಿದ ಕಾವ್ಯವು ಆ ಸಂತತಿಗಿಂತ ಹೆಚ್ಚು ಕಾಲ ಬಾಳಿತು. ಅದನ್ನು ಪಾಠ ಹೇಳುವ ಅಧ್ಯಾಪಕರೂ ಓದುವ ವಿದ್ಯಾರ್ಥಿಗಳೂ ಅದರ ಹೊಗಳಿಕೆಗೆ ಮರುಳಾಗಬೇಕಾದುದೂ ಇಲ್ಲ, ಅದನ್ನು ತಿರಸ್ಕರಿಸಬೇಕಾದುದೂ ಇಲ್ಲ. ಸಾಕ್ಷಿ ಯಾರೆಂದು ಕೇಳಿ, ಲೆಕ್ಕದ ಪಟ್ಟಿಯನ್ನೂ ದತ್ತಿಪತ್ರವನ್ನೂ ಪಕ್ಕದಲ್ಲಿರಿಸಿ, ಹೇಳದೆ ಬಿಟ್ಟುದನ್ನು ಗುರುತಿಸಿದರೆ, ಪೋಷಕನು ಬಯಸಿದ್ದಕ್ಕಿಂತ ಹೆಚ್ಚಿನ ಸತ್ಯವನ್ನು ಈ ಗ್ರಂಥವು ಕೊಡಬಲ್ಲದು. ನಿಷ್ಠೆಯ ಮೂರ್ತಿಯೆಂದು ಮಗನು ಬಿಂಬಿಸಬಯಸಿದ ತಂದೆಯು, ಅನುಚರನ ನೆನಪಿನಲ್ಲಿ ಮಾಡಿದ ತಪ್ಪುಗಳಿಗೂ ಪಡೆದ ಲಾಭಗಳಿಗೂ ಹೊತ್ತ ಭಾರಕ್ಕೂ ಸಮನಾಗಿ ಉತ್ತರ ಹೇಳಬೇಕಾದ ಮನುಷ್ಯನಾಗಿ ಉಳಿದಿದ್ದಾನೆ. ಈ ಕಾವ್ಯವನ್ನು ಚರಿತ್ರೆಯೆಂದು ಕರೆಯಲು ನಮಗಿರುವ ಆಧಾರ ಇದೇ.